ಕತ್ತರಿ ಬಿಸಿಲು ಕಳೆದ ಮೇಲೆ ಬಿತ್ತಿದ ಬೆಂಡೆ

ಹಿತ್ತಲ ಬಾಗಿಲಿನ ಚಿಲಕಕ್ಕೆ ಮತ್ತೆ ತುಕ್ಕು ಹಿಡಿದಿದೆ. ಈ ಉಕ್ಕಿಗೆ ತುಕ್ಕೆಂದರೇನೆಂದೇ ಗೊತ್ತಿಲ್ಲ ಎಂದು ಅಂಗಡಿಯವನು ಎದೆ ತಟ್ಟಿಕೊಂಡು ಮಾರಿದ ಚಿಲಕ ಅದು. ಹಾಕಿಸಿ ವರ್ಷ ಕಳೆಯುವಷ್ಟರಲ್ಲಿ ನಾಲ್ಕನೆಯ ಸಲ ಮೈಯೆಲ್ಲ ಕೆಂಪು ಮಾಡಿಕೊಂಡು ಕೂತಿದೆ. ನಮ್ಮ ಮನೆಗೂ ಸಮುದ್ರಕ್ಕೂ ನಡುವೆ ಎರಡು ಕಿಲೋಮೀಟರ್ ದಾರಿ, ಒಂದು ಸರ್ವೆ ತೋಪು, ಪುದುಚೇರಿಯ ಕಡೆಗೆ ಬಸ್ಸುಗಳು ಅರಚಿಕೊಂಡು ಓಡುವ ಹೆದ್ದಾರಿ, ಇಷ್ಟೆಲ್ಲ ಇದ್ದರೂ ಉಪ್ಪುಗಾಳಿ ವಿಳಾಸ ಕೇಳಿಕೊಂಡು ಬಂದ ನೆಂಟರ ಹಾಗೆ ನೇರವಾಗಿ ಬಂದು ಈ ಚಿಲಕದ ಮೇಲೆಯೇ ಇಳಿಯುತ್ತದೆ. ಮೊದಮೊದಲು ನಾನು ಅಂಗಡಿಯವನನ್ನು ಬೈದೆ, ಆಮೇಲೆ ಗಾಳಿಯನ್ನು ಬೈದೆ, ಈಗ ವಾರಕ್ಕೊಮ್ಮೆ ಹಳೆಯ ಬಟ್ಟೆಯ ತುಂಡಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಾಯಿ ಮುಚ್ಚಿಕೊಂಡು ಉಜ್ಜುತ್ತೇನೆ. ಕಡಲ ಕಡೆಯಲ್ಲಿ ಮನೆ ಮಾಡಿದವರು ಮೊದಲು ಕಲಿಯುವ ಕೆಲಸ ಇದೇ ಇರಬೇಕು.

ನಾನು ಯಾರೆಂದು ಹೇಳದೆ ಚಿಲಕದ ಕಥೆ ತೆಗೆದೆ, ಕ್ಷಮಿಸಿ. ಗಿಂಡಿಯ ಒಂದು ಯಂತ್ರದ ಕಾರ್ಖಾನೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕುರ್ಚಿ ಸವೆಸಿ ನಿವೃತ್ತಳಾದವಳು ನಾನು. ಹುಟ್ಟಿದ್ದು ಮೈಸೂರಿನಲ್ಲಿ, ಮದುವೆಯಾಗಿ ಬಂದದ್ದು ಮದರಾಸಿಗೆ, ಮೂರು ತಲೆಮಾರಿನಿಂದ ಪೆರಂಬೂರಿನ ಒಂದೇ ಬೀದಿಯಲ್ಲಿ ಬೇರು ಬಿಟ್ಟಿದ್ದ ಒಂದು ಮಾಧ್ವ ಮನೆತನಕ್ಕೆ. ಕಾರ್ಖಾನೆಯಲ್ಲಿ ನನ್ನ ಕೆಲಸ ದಿನಾಂಕಗಳನ್ನು ಜೋಡಿಸುವುದು. ಯಾವ ಬಿಡಿಭಾಗ ಯಾವ ದಿನ ಬಂದರೆ ಯಾವ ದಿನ ಯಂತ್ರ ಸಿದ್ಧವಾಗುತ್ತದೆ, ಯಾವ ದಿನ ಅದು ಲಾರಿ ಹತ್ತಬೇಕು ಎಂಬುದನ್ನು ಹಿಂದುಹಿಂದಕ್ಕೆ ಎಣಿಸಿಕೊಂಡು ಬಂದು, ಇಂಥ ಸೋಮವಾರವೇ ಕೆಲಸ ಆರಂಭವಾಗಬೇಕೆಂದು ಬರೆದು ಸಹಿ ಹಾಕುತ್ತಿದ್ದೆ. ನನ್ನ ದಿನಾಂಕ ತಪ್ಪಿದ್ದನ್ನು ಅಲ್ಲಿ ಯಾರೂ ಕಂಡಿಲ್ಲ. ಈ ಮಾತನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಾನು ಮಾಡಿದ ತಪ್ಪಿನ ಗಾತ್ರ ನಿಮಗೆ ಸರಿಯಾಗಿ ತಿಳಿಯಲೆಂದು ಮೊದಲೇ ಹೇಳಿಡುತ್ತಿದ್ದೇನೆ.

ಮನೆ ಸಿಕ್ಕಿದ್ದು ಮಹಾಬಲಿಪುರ ದಾಟಿ ಇನ್ನೂ ಅರ್ಧ ಗಂಟೆಯ ದಾರಿಯ ಒಂದು ಪುಟ್ಟ ಊರಿನಲ್ಲಿ. ಹಿಂದೆ ಕಡಲೆಕಾಯಿಯ ವ್ಯಾಪಾರಿಯೊಬ್ಬನು ಕಟ್ಟಿಸಿದ್ದ ಹೆಂಚಿನ ಮನೆ, ಮುಂದೆ ಉದ್ದದ ಜಗಲಿ, ನಡುವೆ ಮಳೆ ಬೀಳುವ ತೊಟ್ಟಿ, ಹಿಂದೆ ಮುಕ್ಕಾಲು ಎಕರೆ ಮರಳು ನೆಲ. ಹಳೆಯ ಮನೆಯನ್ನು ಹೊಸತು ಮಾಡುವುದೆಂದರೆ ಒಂದು ವಿಚಿತ್ರವಾದ ನ್ಯಾಯಾಲಯ ನಡೆಸಿದ ಹಾಗೆ, ನೋಡಿ. ಪ್ರತಿಯೊಂದು ವಸ್ತುವೂ ಕಟಕಟೆಗೆ ಬಂದು ನಿಲ್ಲುತ್ತದೆ: ಈ ಕಂಬ ಇರಲೇ, ಈ ಗೂಡು ಹೋಗಲೇ, ಮಸಿ ಹಿಡಿದ ಈ ಅಡುಗೆಮನೆಯ ಗೋಡೆಗೆ ಬಿಳಿ ಟೈಲ್ಸು ಬರಲೇ? ನಾನು ಕಂಬಗಳನ್ನು ಉಳಿಸಿದೆ, ಹೆಂಚಿನ ಕೆಳಗಿನ ಗೆದ್ದಲು ತಿಂದ ಮರವನ್ನೆಲ್ಲ ತೆಗೆಸಿದೆ, ನೆಲಕ್ಕೆ ಕೆಂಪು ಗಾರೆ ಬಳಿಸಿದೆ, ಮಂಡಿ ನೋವಿನವರಿಗೆಂದು ಕೂರುವ ಕಮೋಡು ಹಾಕಿಸಿದೆ, ಬಾವಿಗೆ ಮೋಟಾರು ಇಳಿಸಿ, ಅದರ ಬಾಯಿಗೆ ಕಬ್ಬಿಣದ ಜಾಲರಿ ಬಿಗಿಸಿ, ಮನೆಯ ಮೂಲೆಮೂಲೆಗೂ ನಲ್ಲಿ ಕೊಡಿಸಿದೆ. ಅಣ್ಣಾ ನಗರದಲ್ಲಿರುವ ಮಗಳು ಶುಭಾ ಒಂದು ದಿನ ಬಂದು ಎಲ್ಲವನ್ನೂ ಸುತ್ತಿ ನೋಡಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಎಂದಿನಂತೆ ತಮಿಳಿನಲ್ಲಿ ಉತ್ತರಿಸಿ, "ಸೂಪ್ಪರಾ ಇರುಕ್ಕುಮ್ಮಾ" ಎಂದು ಹತ್ತಾರು ಫೋಟೋ ತೆಗೆದುಕೊಂಡು ಹೋದಳು. ಆ ಫೋಟೋಗಳನ್ನು ನೋಡಿದರೆ ನನಗೇ ನನ್ನ ಮನೆ ಯಾರದೋ ಶ್ರೀಮಂತರದ್ದೆನಿಸುತ್ತಿತ್ತು.

ಆದರೆ ಮನೆ ನನಗೆ ನೆಪ ಮಾತ್ರ. ನನಗೆ ಬೇಕಾಗಿದ್ದದ್ದು ಅದರ ಹಿಂದಿನ ನೆಲ. ಮೂವತ್ತೊಂದು ವರ್ಷ ಕಾಗದದ ಮೇಲೆ ಯಂತ್ರಗಳನ್ನು ತಯಾರಿಸಿದವಳಿಗೆ ಕೈಯಲ್ಲಿ ಹಿಡಿಯಬಹುದಾದ ಏನನ್ನಾದರೂ ಬೆಳೆಯಬೇಕೆಂಬ ಹಂಬಲ ಹುಟ್ಟಿದರೆ ಅದು ಅಷ್ಟೊಂದು ನಗುವ ವಿಷಯವೇ, ನೀವೇ ಹೇಳಿ. ನಮ್ಮವರು ನಕ್ಕರು. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಹುಟ್ಟಿದ ಮನೆಯಲ್ಲೇ ಅರವತ್ತಾರು ವರ್ಷ ಕಳೆದವರು. ಬೆಳಗಿನ ಪೂಜೆ, ಹತ್ತೂವರೆಗೆ ಊಟ, ಸಂಜೆ ಬೀದಿ ಕೊನೆಯ ಮಠದ ಜಗಲಿಯಲ್ಲಿ ನಾಲ್ಕು ಜನ ಗೆಳೆಯರು, ಇದಿಷ್ಟು ಸಿಕ್ಕರೆ ಮತ್ತೇನನ್ನೂ ಬಯಸದ ಸಾಧು ಮನುಷ್ಯ. ಕೆಟ್ಟವರಲ್ಲ, ಮೊಂಡರು, ಮೊಂಡತನದಲ್ಲಿ ನನಗೆ ಸರಿಸಮ. ಹೋದ ವರ್ಷ ಜುಲೈ ಕೊನೆಯಲ್ಲಿ ಕೊಳಾಯಿಯವನು ಕೊನೆಯ ನಲ್ಲಿ ತಿರುಗಿಸಿ ತೋರಿಸಿ ಹೊರಟ ಮಧ್ಯಾಹ್ನ, ಆ ಹೊಸ ಅಡುಗೆಮನೆಯಲ್ಲಿ ಎಲೆಯ ಮುಂದೆ ಕೂತು ಅವರು ತಮ್ಮ ಷರತ್ತು ಹೇಳಿದರು.

"ಸೆರಿ ಪದ್ಮಾ, ಒಂದು ವರ್ಷ ಟೈಮು. ಮುಂದಿನ ಜುಲೈ ಮುಗಿಯೋದ್ರೊಳಗೆ ನನ್ನ ಎಲೆಗೆ ಪಲ್ಯ, ಹುಳಿ, ಕೋಸಂಬರಿ, ಮೂರೂ ಈ ಮಣ್ಣಿಂದೇ ಬೀಳ್ಬೇಕು. ಮಾರ್ಕೆಟ್ಟಿಂದ ಒಂದು ಕಾಯಿ ತರಕೂಡದು. ಆಗ್ಲಿಲ್ಲಾಂದ್ರೆ ಮನೆ ಬಾಡಿಗೆಗೆ ಕೊಟ್ಟು ಪೇಸಾಮೆ, ಸುಮ್ನೆ ಪೆರಂಬೂರಿಗೆ ಬಂದ್ಬಿಡು."

"ಆದ್ರೆ?" ಎಂದೆ.

"ಆದ್ರೆ ನಾನೂ ಇಲ್ಲಿಗೆ ಬರ್ತೀನಿ. ಸಾಕಾ?"

ಸಾಕೆಂದೆ. ವಾರಕ್ಕೆ ನಾಲ್ಕು ದಿನ ನಾನು ಇಲ್ಲಿ, ಮೂರು ದಿನ ಅಲ್ಲಿ. ಅವರು ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಬಸ್ಸು ಹತ್ತಿ ಬಂದು ಸಂಜೆಯ ಬಸ್ಸಿಗೆ ವಾಪಸು. ಒಂದೇ ಒಂದು ದಿನವೂ ಇಲ್ಲಿ ತಂಗುವುದಿಲ್ಲ. ಒಪ್ಪಂದ ಹಾಗೆ ಆಯಿತು.

ಮರಳಿನಲ್ಲಿ ಏನನ್ನಾದರೂ ಬೆಳೆಯಲು ನೀವು ಪ್ರಯತ್ನಿಸಿದ್ದೀರಾ? ನಾನು ಪುಸ್ತಕ ನೋಡಿ, ಮೊಬೈಲಿನಲ್ಲಿ ವಿಡಿಯೋ ನೋಡಿ, ಕಾಗದದ ಮೇಲೆ ಚೌಕ ಎಳೆದು, ಪ್ರತಿ ಚೌಕಕ್ಕೂ ಒಂದು ತರಕಾರಿಯನ್ನು ನೇಮಿಸಿ ಸೆಪ್ಟೆಂಬರಿನಲ್ಲಿ ಬಿತ್ತಿದೆ. ಹುಟ್ಟಿದವು, ಚಿಗುರಿದವು, ನಾಲ್ಕೆಲೆ ಬಿಟ್ಟು ನಿಂತವು. ಆಮೇಲೆ ಈ ತೀರದ ಮಳೆಗಾಲ ಬಂತು. ಮೈಸೂರಿನವಳಾದ ನನ್ನ ಮನಸ್ಸಿನಲ್ಲಿ ಮಳೆಗಾಲವೆಂದರೆ ಇಂದಿಗೂ ಜೂನ್. ಮದರಾಸಿನಲ್ಲಿ ಮೂವತ್ತೆಂಟು ವರ್ಷ ಅಕ್ಟೋಬರಿನಲ್ಲಿ ಕೊಡೆ ಹಿಡಿದು ನಡೆದರೂ ಅದೊಂದು ಹೊತ್ತಲ್ಲದ ಹೊತ್ತಿನ ಮಳೆಯೆಂದೇ ಒಳಗೆಲ್ಲೋ ಅಂದುಕೊಂಡಿದ್ದೆ. ಆರು ದಿನ ಬಿಡದೆ ಸುರಿದು, ಮರಳಿಗೂ ಕುಡಿದು ಸಾಕಾಗಿ ನೀರು ಇಂಗದೆ ಹಿತ್ತಲೆಲ್ಲ ಕೆರೆಯಾಗಿ, ನನ್ನ ಚೌಕಗಳೆಲ್ಲ ಒಂದೇ ಆಗಿ, ಬೆಳೆಯೆಂಬುದು ಕೊಳೆತು ನಾರಿತು. ಆ ಭಾನುವಾರ ನಮ್ಮವರು ಬಂದವರು ಜಗಲಿಯ ಮೇಲೆ ಕಾಲು ಮಡಚಿ ಕೂತು ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಜನವರಿಯಲ್ಲಿ ಮತ್ತೆ ಬಿತ್ತಿದೆ. ಈ ಸಲ ಏರುಮಡಿ ಮಾಡಿ, ಗೊಬ್ಬರ ಹಾಕಿ, ದಿನ ದಿನವೂ ಬಾವಿಯ ನೀರನ್ನು ಪೈಪಿನಲ್ಲಿ ಬಿಟ್ಟೆ. ಮಾರ್ಚಿನ ಹೊತ್ತಿಗೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿ ಮುರುಟಿಕೊಳ್ಳತೊಡಗಿದವು. ಹುಳವೇ, ರೋಗವೇ ಎಂದು ಎಲೆ ಎಲೆ ಮಗುಚಿ ನೋಡುತ್ತಿದ್ದಾಗ ಬೇಲಿಯ ಆಚೆಯಿಂದ ಒಂದು ನಗು ಕೇಳಿಸಿತು. ಪಕ್ಕದ ಹೊಲದ ಸೆಲ್ವಿ. ಕಡಲೆಕಾಯಿ ಬೆಳೆಯುವವಳು, ಗಂಡನಿಲ್ಲದೆ ಎರಡು ಎಕರೆಯನ್ನು ಒಬ್ಬಳೇ ನಿಭಾಯಿಸುವವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅಷ್ಟು ತಿಂಗಳಿಂದ ಬೇಲಿಯಾಚೆಯೇ ಇದ್ದಳು. ನಾನು ಮೊಬೈಲನ್ನು ಕೇಳಿದೆನೇ ಹೊರತು ಅವಳನ್ನು ಕೇಳಿರಲಿಲ್ಲ. ಒಳಗೆ ಬಂದು ಬಾವಿಯ ನೀರನ್ನು ಬೊಗಸೆಗೆ ಹಿಡಿದು ನಾಲಿಗೆಗೆ ತಾಕಿಸಿ ನನಗೂ ರುಚಿ ತೋರಿಸಿದಳು. ನೀರು ಬರೀ ಉಪ್ಪು. ಬಿಸಿಲು ಏರಿದ ಹಾಗೆ ಬಾವಿಯ ಸಿಹಿನೀರು ಕೆಳಗಿಳಿದು ಕಡಲಿನ ನೀರು ಒಳಗೆ ಬರುತ್ತದಂತೆ. ಅದನ್ನೇ ನಾನು ಬೆಳಿಗ್ಗೆ ಸಂಜೆ ಗಿಡದ ಬುಡಕ್ಕೆ ಸುರಿದಿದ್ದೆ. ಎರಡನೆಯ ಬೆಳೆಯನ್ನು ಕೊಂದವಳು ಸಾಕ್ಷಾತ್ ನಾನೇ.

ಅಂದು ಅತ್ತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಸ ಬಿಳಿ ಟೈಲ್ಸಿನ ಗೋಡೆಗೆ ಒರಗಿ ಕೂತು ಅತ್ತೆ. ಆದರೆ ಅಳು ಮುಗಿದ ಮೇಲೆ ಪೆರಂಬೂರಿಗೆ ಹೋಗುವ ಯೋಚನೆ ಬರಲಿಲ್ಲ. ಬಂದದ್ದು ಸಿಟ್ಟು, ಆ ಸಿಟ್ಟು ಒಳ್ಳೆಯ ಗೊಬ್ಬರವಾಯಿತು. ಮರುದಿನ ಬೆಳಿಗ್ಗೆಯೇ ಎದ್ದು ಸೆಲ್ವಿಯ ಮನೆಯ ಮುಂದೆ ನಿಂತೆ. ಅವಳು ಹೇಳಿದ್ದನ್ನೆಲ್ಲ ಮಾಡಿದೆ: ಒಣಗಿದ ಕೆರೆಯಿಂದ ಎರಡು ಟ್ರಾಕ್ಟರು ಕಪ್ಪು ಮಣ್ಣು ತರಿಸಿ ಮರಳಿಗೆ ಬೆರೆಸಿದೆ, ಮಳೆಯ ನೀರು ಹಿಡಿಯಲು ಹಿತ್ತಲ ಮೂಲೆಯಲ್ಲಿ ತೊಟ್ಟಿ ತೋಡಿಸಿದೆ, ಕಡಲ ದಿಕ್ಕಿಗೆ ತೆಂಗಿನ ಗರಿಯ ತಡಿಕೆ ಕಟ್ಟಿಸಿದೆ, ಚೌಕಗಳ ಕಾಗದವನ್ನು ಒಲೆಗೆ ಹಾಕಿದೆ. ಏಪ್ರಿಲ್‌ನಲ್ಲಿ ಬೀಜ ಹಿಡಿದುಕೊಂಡು ಹೋದರೆ ಕೈಯಾಡಿಸಿ ಬೇಡವೆಂದಳು. ಮೇ ತಿಂಗಳಲ್ಲಿ ಹೋದೆ, ಆಗಲೂ ಬೇಡ. "ಕತ್ತರಿ ಮುಡಿಯಟ್ಟುಂ ಅಮ್ಮಾ" ಎಂದಳು. ತಮಿಳುನಾಡಿನಲ್ಲಿ ಮೇ ತಿಂಗಳ ಸುಡು ಬಿಸಿಲಿಗೆ ಕತ್ತರಿ ಎನ್ನುತ್ತಾರೆ. ಅದು ಮುಗಿದು, ಒಂದೆರಡು ಗುಡುಗಿನ ಮಳೆ ಬಿದ್ದು ನೆಲ ತಣಿಯಲಿ ಎಂಬುದು ಅವಳ ಲೆಕ್ಕ. ಹಾಗೆಯೇ ಕಾದೆ. ಜೂನ್ ಮೊದಲ ವಾರದಲ್ಲಿ ಬೆಂಡೆ, ಗೋರಿಕಾಯಿ, ಸೋರೆ, ಸೌತೆ ಬಿತ್ತಿ, ಬದನೆಯ ಸಸಿ ನೆಟ್ಟೆ. ಬಿತ್ತಿದ್ದು ಭಾನುವಾರ. ನಮ್ಮವರೂ ಇದ್ದರು. ಜಗಲಿಯ ಮೇಲೆ ಕೂತು ಬೆರಳು ಮಡಿಸುತ್ತಿದ್ದರು. ಜಪವೆಂದುಕೊಂಡೆ.

ಜುಲೈ ನಡುವಿಗೆ ಹಿತ್ತಲನ್ನು ನೋಡಬೇಕಿತ್ತು ನೀವು. ಬೆಂಡೆಯ ಹಳದಿ ಹೂವುಗಳು ಬೆಳಗಿನ ಗಾಳಿಗೆ ತಲೆ ಅಲ್ಲಾಡಿಸುತ್ತಿದ್ದರೆ ನಾನು ಕಾಫಿ ಲೋಟ ಹಿಡಿದು ಅವುಗಳ ನಡುವೆ ಓಡಾಡುತ್ತ ಒಂದೊಂದನ್ನೂ ಮಾತಾಡಿಸುತ್ತಿದ್ದೆ. ಸೋರೆಯ ಬಳ್ಳಿ ತಡಿಕೆ ಏರಿ ಅಂಗೈಯಗಲದ ನೆರಳು ಚೆಲ್ಲಿತ್ತು. ಒಂದು ದಿನ ಮೂರು ಬೆಂಡೆಕಾಯಿ ಕಿರುಬೆರಳಿನಷ್ಟು ಬೆಳೆದು ನಿಂತಿದ್ದನ್ನು ಕಂಡು, ಮೊಬೈಲು ತೆಗೆದು ನಮ್ಮವರಿಗೆ ಫೋನು ಮಾಡಿದೆ. ಧ್ವನಿಯಲ್ಲಿ ಗೆಲುವು ಮುಚ್ಚಿಡಲು ಆಗಲಿಲ್ಲ. ಮುಚ್ಚಿಡಲು ಪ್ರಯತ್ನಿಸಲೂ ಇಲ್ಲ.

"ಕೊನೇ ಭಾನುವಾರ ಬನ್ರಿ, ಎಲೆ ಹಾಕ್ತೀನಿ. ಮೂರೂ ಇರತ್ತೆ, ನೋಡ್ತಾ ಇರಿ."

ಅವರು ಮೆಲ್ಲಗೆ, "ಪಂಚಾಂಗ ನೋಡಿದ್ಯೇನೇ?" ಎಂದರು.

ನೋಡಿರಲಿಲ್ಲ. ಇನ್ನು ಮೂರು ದಿನಕ್ಕೆ ಆಷಾಢದ ಏಕಾದಶಿ, ಅದರ ಮರುದಿನದಿಂದ ಚಾತುರ್ಮಾಸ್ಯದ ಮೊದಲ ತಿಂಗಳು, ಶಾಕವ್ರತ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಆ ಒಂದು ತಿಂಗಳು ನಮ್ಮಲ್ಲಿ ತರಕಾರಿ, ಸೊಪ್ಪು, ಹಣ್ಣು ಯಾವುದನ್ನೂ ತಿನ್ನುವಂತಿಲ್ಲ, ಮಾವಿನಂಥ ಒಂದೆರಡಕ್ಕೆ ಮಾತ್ರ ರಿಯಾಯಿತಿ. ಹುಣಸೆಯ ಜಾಗಕ್ಕೆ ಒಣ ಮಾವು, ಮೆಣಸಿನಕಾಯಿಯ ಜಾಗಕ್ಕೆ ಕಾಳುಮೆಣಸು, ಹೆಸರುಬೇಳೆ, ಜೀರಿಗೆ, ತುಪ್ಪ, ಮೊಸರು, ಇಷ್ಟರಲ್ಲೇ ತಿಂಗಳು ದೂಡಬೇಕು. ದೇವರಿಗೆ ನೈವೇದ್ಯವಾಗದ ಕಾಯಿಯನ್ನು ಅಡುಗೆಮನೆಯ ಒಳಗೇ ತರುವುದಿಲ್ಲ. ಮೂವತ್ತೆಂಟು ವರ್ಷ ಅತ್ತೆಯ ಜೊತೆಯಲ್ಲೂ ಅತ್ತೆಯ ನಂತರವೂ ಒಮ್ಮೆಯೂ ತಪ್ಪಿಸದೆ ಈ ವ್ರತ ಹಿಡಿದವಳು, ಇಂಥ ತಿಂಗಳಿಗೇ ಸರಿಯಾಗಿ ತರಕಾರಿ ಕೈಗೆ ಬರುವಂತೆ ಬಿತ್ತಿ ಕೂತಿದ್ದೆ! ಇನ್ನೂ ನಗಬೇಕೆಂದರೆ ಇದನ್ನು ಕೇಳಿ: ಹೋದ ವರ್ಷ ನಮ್ಮ ಷರತ್ತು ನಡೆದದ್ದೂ ಇದೇ ವ್ರತದ ನಡುವೆ. ಕಾಳುಮೆಣಸಿನ ಸಾರು ಕಲಸಿಕೊಂಡು ಉಣ್ಣುತ್ತ ಅವರು ಪಲ್ಯ, ಹುಳಿ ಎಂದರು. ಒಣ ಮಾವಿನ ಗೊಜ್ಜು ಬಡಿಸುತ್ತ ನಾನು ಆಗಲಿ ಎಂದೆ. ಬೇರೆ ಯಾವ ಮನೆಯವರೂ ಈ ತಪ್ಪನ್ನು ಮಾಡಲಾರರು.

ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕು, "ನೀ ಪೇಸಾಮ ಸಾಪ್ಪಿಟ್ಟುಡುಮ್ಮಾ, ಯಾರು ಕೇಕ್ಕಪ್ಪೋರಾ" ಎಂದಳು. ಸುಮ್ಮನೆ ತಿಂದುಬಿಡು, ಯಾರು ಕೇಳುತ್ತಾರೆ. ನಿಜ, ಈ ಊರಿನಲ್ಲಿ ನನ್ನನ್ನು ಕೇಳುವವರು ಯಾರೂ ಇಲ್ಲ. ಆದರೆ ವ್ರತವೆನ್ನುವುದು ನನಗೆ ಯಾರೋ ಕೇಳುತ್ತಾರೆಂಬ ಭಯವಲ್ಲ. ಹೊಸ ಸೊಸೆಯಾಗಿ ಬಂದ ಆಷಾಢದಲ್ಲಿ, ತರಕಾರಿ ಇಲ್ಲದೆ ಹೇಗೆ ಅಡುಗೆ ಮಾಡುವುದೆಂದು ಕಣ್ಣು ಕಣ್ಣು ಬಿಡುತ್ತಿದ್ದ ನನ್ನ ಪಕ್ಕದಲ್ಲಿ ನಿಂತು ಅತ್ತೆ ಬರೀ ಜೀರಿಗೆ ಮೆಣಸಿನಲ್ಲಿ ಹನ್ನೆರಡು ಬಗೆ ಮಾಡಿ ತೋರಿಸಿದ್ದರು. ಕೈಯಲ್ಲಿರುವುದು ಕಡಿಮೆಯಾದರೂ ಎಲೆ ಬರಿದಾಗಬಾರದು ಎಂಬ ಹಟವನ್ನು ನಾನು ಕಲಿತದ್ದು ಆ ಒಲೆಯ ಮುಂದೆ. ಉಪ್ಪುನೀರಿನ ಮುಂದೆ, ಮಳೆಯ ಮುಂದೆ ನಿಂತು ಮೂರನೆಯ ಸಲ ಬಿತ್ತಿದ ಹಟವೂ ಅದೇ. ಆ ಹಟವನ್ನು ಗೆಲ್ಲಿಸಲು ಅದನ್ನು ಕಲಿಸಿದ ವ್ರತವನ್ನೇ ಮುರಿಯುವುದು ನನಗೆ ಸರಿಕಾಣಲಿಲ್ಲ. ಆಮೇಲೆ ಗಿಡಗಳ ನಡುವೆ ನಿಂತು ಇನ್ನೊಂದನ್ನೂ ಯೋಚಿಸಿದೆ. ಹಸಿರು ತನ್ನಷ್ಟಕ್ಕೆ ಬೆಳೆಯುವ ತಿಂಗಳಲ್ಲಿ ಮನುಷ್ಯನ ಕೈ ಅದರಿಂದ ದೂರವಿರಲಿ ಎಂದು ಹಿರಿಯರು ಅಂದುಕೊಂಡಿದ್ದರೆ ಅದರಲ್ಲಿ ಒಂದು ಮರ್ಯಾದೆಯಿದೆ. ಕೊಳ್ಳುವವಳಾಗಿದ್ದಾಗ ಇದು ನನಗೆ ಹೊಳೆದಿರಲಿಲ್ಲ, ಬೆಳೆಯುವವಳಾದ ಮೇಲೆ ಹೊಳೆಯಿತು.

ಹಾಗೆಂದು ಗಿಡದಲ್ಲೇ ಬಿಡುವಂತಿಲ್ಲ. ಬೆಂಡೆಯನ್ನು ದಿನ ಬಿಟ್ಟು ದಿನ ಕೀಳದಿದ್ದರೆ ಕಾಯಿ ನಾರಾಗುತ್ತದೆ, ಗಿಡ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಸೆಲ್ವಿ ಇದನ್ನು ಹತ್ತು ಸಲ ಹೇಳಿದ್ದಳು. ಕಿತ್ತೆ. ಬುಟ್ಟಿ ತುಂಬಿತು, ಇನ್ನೊಂದು ತುಂಬಿತು. ಬೆಳೆದವಳು ಮುಟ್ಟಬಹುದು, ತಿನ್ನುವಂತಿಲ್ಲ. ಆ ವಾರ ಊರಿನ ಮನೆಮನೆಗೂ ಕಾಯಿ ಹಂಚಿದೆ. ಆದರೆ ಒಳಗೊಂದು ಮುಳ್ಳು ಕುಟುಕುತ್ತಲೇ ಇತ್ತು. ಜುಲೈ ಮುಗಿಯುತ್ತಿದೆ, ಮಾತು ಮಾತೇ, ಈ ಮಣ್ಣಿನಿಂದ ಒಂದು ಊಟ ಎದ್ದು ನಿಲ್ಲಲೇಬೇಕು. ಅವರ ಎಲೆಗೆ ಬೀಳದಿದ್ದರೆ ಬೇಡ, ಅವರ ಕಣ್ಣಿಗಾದರೂ ಬೀಳಲಿ. ಕೊನೆಯ ಭಾನುವಾರ ನಮ್ಮ ಜಗಲಿಯಲ್ಲಿ ಊಟವೆಂದು ಸೆಲ್ವಿಗೂ, ಅವಳ ಹೊಲದಲ್ಲಿ ಕಳೆ ಕೀಳುವ ಎಂಟು ಹೆಂಗಸರಿಗೂ ಹೇಳಿಬಿಟ್ಟೆ.

ಅಡುಗೆಮನೆಯೊಳಗೆ ಕಾಯಿ ಬರುವಂತಿಲ್ಲವಲ್ಲ, ಬೇವಿನ ಮರದ ಕೆಳಗೆ ಇಟ್ಟಿಗೆ ಜೋಡಿಸಿ ಸರ್ವೆಯ ಸೌದೆಯಲ್ಲಿ ಒಲೆ ಹೂಡಿದೆ. ಅಷ್ಟು ಖರ್ಚು ಮಾಡಿ ಹಾಕಿಸಿದ ಹೊಗೆ ಹೀರುವ ಯಂತ್ರ ಒಳಗೆ ಸುಮ್ಮನೆ ನೇತಾಡುತ್ತಿತ್ತು, ನಾನು ಹೊರಗೆ ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಬೆಂಡೆಕಾಯಿ ಪಲ್ಯ, ಸೋರೆ ಬದನೆಯ ಹುಳಿ, ಸೌತೆಯ ಕೋಸಂಬರಿ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಅಭ್ಯಾಸ ನಮ್ಮಲ್ಲಿ ಇಲ್ಲವಾದ್ದರಿಂದ ಉಪ್ಪು ಖಾರವನ್ನು ಕಣ್ಣಳತೆಯಲ್ಲೇ ಹಾಕಿ ರೂಢಿಯಾಗಿದೆ. ಆದರೂ ಇಷ್ಟು ದೊಡ್ಡ ಪಾತ್ರೆಗೆ ಧೈರ್ಯ ಬರದೆ ಸೆಲ್ವಿಯ ಅಂಗೈಗೆ ಒಂದು ಸೌಟು ಹುಳಿ ಹಾಕಿದೆ. ನೆಕ್ಕಿದಳು, ಮುಖ ಓರೆ ಮಾಡಿ "ಉಪ್ಪು ಪತ್ತಲೆ" ಎಂದಳು. ಸಾಲದು ಎಂದರ್ಥ. ಕಡಲು, ಬಾವಿ, ಗಾಳಿ ಎಲ್ಲವೂ ವರ್ಷವಿಡೀ ನನಗೆ ಉಪ್ಪು ತಿನ್ನಿಸಿದ ಮೇಲೆ ಈ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಇನ್ನೊಂದು ಹಿಡಿ ಹಾಕಿದೆ.

ನಮ್ಮವರು ಹನ್ನೆರಡರ ಹೊತ್ತಿಗೆ ಬಂದರು. ಹೆಂಗಸರು ಜಗಲಿಯುದ್ದಕ್ಕೂ ಬಾಳೆಯೆಲೆ ಹಾಕಿಕೊಂಡು ಕೂತಿದ್ದನ್ನು ನೋಡಿ ಬಾಗಿಲಲ್ಲೇ ನಿಂತರು; ಆಮೇಲೆ ಚಪ್ಪಲಿ ಬಿಟ್ಟು, ಕೈ ತೊಳೆದು, ಯಾರೂ ಹೇಳದೆಯೇ ನೀರಿನ ಜಗ್ಗು ಹಿಡಿದು ಒಬ್ಬೊಬ್ಬರ ಲೋಟಕ್ಕೂ ನೀರು ಬಿಡುತ್ತ ಬಂದರು. ನಾನು ಬಡಿಸುತ್ತಿದ್ದೆ. ಆ ಹೆಂಗಸರು ಉಣ್ಣುವುದನ್ನು ನೋಡುತ್ತ ನನ್ನ ಹೊಟ್ಟೆ ತುಂಬಿತೆಂದರೆ ಸುಳ್ಳಾಗುತ್ತದೆ. ಬೆಂಡೆಕಾಯಿಯ ಒಗ್ಗರಣೆಯ ಘಮಕ್ಕೆ ಬಾಯಲ್ಲಿ ನೀರೂರಿ, ಒಂದು ತುತ್ತಿಗಾಗಿ ಜೀವ ಮಿಡುಕುತ್ತಿತ್ತು. ಆದರೆ ಎದೆ ತುಂಬಿತ್ತು. ಮೂರು ಸಲ ಬಿತ್ತಿ ಒಂದು ಸಲ ಗೆದ್ದವಳ ಎದೆ ಅದು.

ಸೆಲ್ವಿ ಎರಡನೆಯ ಸಲ ಹುಳಿ ಬಡಿಸಿಕೊಂಡು ತಲೆಯೆತ್ತಿ ನಮ್ಮವರನ್ನು ಕೇಳಿದಳು: "ಐಯಾ, ನೀಂಗ ಉಕ್ಕಾರಲೆಯಾ?"

ನೀವು ಕೂರುವುದಿಲ್ಲವೇ ಎಂಬ ಪ್ರಶ್ನೆಗೆ ಅವರು ವ್ರತದ ಸಂಗತಿಯನ್ನು ತಮಿಳಿನಲ್ಲಿ ವಿವರಿಸಿದರು. ಒಂದು ತಿಂಗಳು ಕಾಯಿ ತಿನ್ನುವಂತಿಲ್ಲ, ಪ್ರತಿ ವರ್ಷವೂ ಹೀಗೆಯೇ. ಸೆಲ್ವಿಗೆ ಆಶ್ಚರ್ಯ. ಬೆಳೆ ತೆಗೆಯುವವಳ ಬುದ್ಧಿ ನೇರವಾಗಿ ಬೇರಿಗೇ ಹೋಯಿತು: "ವಿದೆ ಪೋಡುಂಬೋದೇ ಯಾರುಕ್ಕುಂ ತೆರಿಯಲೆಯಾ?" ಬಿತ್ತುವಾಗಲೇ ಯಾರಿಗೂ ತಿಳಿಯಲಿಲ್ಲವೇ?

ನಮ್ಮವರು ಜಗ್ಗನ್ನು ನೆಲದ ಮೇಲಿಟ್ಟರು. ನನ್ನ ಕಡೆಗೆ ನೋಡಲಿಲ್ಲ.

"ಎನಕ್ಕು ತೆರಿಯುಂ" ಎಂದರು. ನನಗೆ ಗೊತ್ತಿತ್ತು.

ಹುಳಿಯ ಸೌಟು ನನ್ನ ಕೈಯಲ್ಲೇ ನಿಂತಿತು. ಜೂನಿನ ಆ ಭಾನುವಾರ ಜಗಲಿಯ ಮೇಲೆ ಕೂತು ಅವರು ಬೆರಳು ಮಡಿಸುತ್ತಿದ್ದದ್ದು ಜಪಕ್ಕಲ್ಲ. ನಾನು ಮೊಣಕಾಲೂರಿ ಒಂದೊಂದೇ ಬೀಜ ಮಣ್ಣಿಗಿಡುತ್ತಿದ್ದಾಗ, ಅವರು ದಿನ ಎಣಿಸಿ, ಫಸಲು ವ್ರತದಲ್ಲಿ ಬಂದು ಬೀಳುತ್ತದೆಂದು ತಿಳಿದು, ತುಟಿ ಬಿಚ್ಚದೆ ಕೂತಿದ್ದರು. ನಾನು ಮುಂದಿನ ಎಲೆಗೆ ಹೋದೆ, ಬಡಿಸಿದೆ, ಕೊನೆಯ ಎಲೆಯವರೆಗೂ ಬಡಿಸಿದೆ. ಸಿಟ್ಟಿನಲ್ಲೂ ಎಲೆ ಬರಿದಾಗಬಾರದು.

ಹೆಂಗಸರು ಹೋದ ಮೇಲೆ ಬೇವಿನ ಮರದ ಕೆಳಗೆ ಪಾತ್ರೆ ತಿಕ್ಕುತ್ತ ಕೂತೆ. ಅವರು ಬಂದು ಎದುರಿಗೆ ಕಲ್ಲಿನ ಮೇಲೆ ಕೂತರು. ಬೂದಿ ಹಚ್ಚಿದ ಕೈಯಿಂದಲೇ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ಹೇಳಿದ್ರೆ ನೀನು ಬೇರೆ ದಾರಿ ಹುಡುಕ್ತಿದ್ದೆ. ಗೆದ್ದುಬಿಡ್ತಿದ್ದೆ." ಮತ್ತೆ ಅವರೇ, "ನಂಗೆ ಭಯ ಕಣೇ ಪದ್ಮಾ. ಅಲ್ಲಿ ಬೀದೀಗ್ ಬಂದ್ರೆ ನಾಲ್ಕು ಜನ ಏನ್ ರಾಯ್ರೇ ಅಂತಾರೆ. ಇಲ್ಲಿ ನಿನ್ ಬಿಟ್ರೆ ಕನ್ನಡದಲ್ಲಿ ಒಂದು ಮಾತಾಡೋಕೆ ಯಾರಿದಾರೆ? ತಪ್ಪಾಯ್ತು. ಇನ್ನೊಂದು ವರ್ಷ ಕೊಡ್ತೀನಿ, ಸೆರಿಯಾ?"

ಇದನ್ನು ಬರೆಯುವಾಗಲೂ ಆ ಗಳಿಗೆ ನನಗೆ ಸ್ಪಷ್ಟವಾಗಿ ನೆನಪಿದೆ. ಅವರ ಭಯ ಸುಳ್ಳಲ್ಲವೆಂದು ನನಗೆ ಗೊತ್ತಾಯಿತು. ಅದರ ಜೊತೆಯಲ್ಲೇ ಇನ್ನೊಂದೂ ಗೊತ್ತಾಯಿತು. ಹೋದ ಜುಲೈಯಲ್ಲಿ ಅವರು ಒಂದು ವರ್ಷ ಕೊಟ್ಟಾಗ ನಾನು ಕೈಯೊಡ್ಡಿ ತೆಗೆದುಕೊಂಡಿದ್ದೆ, ವರ್ಷವೆಂಬುದು ಅವರ ಜೇಬಿನಲ್ಲಿದ್ದ ವಸ್ತುವೆಂಬ ಹಾಗೆ. ಈ ನೆಲ ನನ್ನ ಬೆವರು ಕುಡಿದಿದೆ, ನನ್ನ ಎರಡು ಬೆಳೆ ನುಂಗಿದೆ, ಮೂರನೆಯದನ್ನು ಒಂಬತ್ತು ಜನರ ಎಲೆಗೆ ಕೊಟ್ಟಿದೆ. ಇದರ ಮೇಲೆ ನಿಲ್ಲಲು ನಾನು ಇನ್ನಾರ ವರ್ಷವನ್ನು ಬೇಡಬೇಕು?

"ಕೊಡೋದು ಬೇಡ ಕಣ್ರೀ" ಎಂದೆ. "ಷರತ್ತೂ ಬೇಡ, ವರ್ಷಾನೂ ಬೇಡ. ನಾನು ಇಲ್ಲೇ ಇರ್ತೀನಿ. ವಾರಕ್ಕೆ ನಾಲ್ಕು ದಿನ ಅಲ್ಲ, ಏಳೂ ದಿನ. ನೀವು ಬರ್ತೀರೋ ಬಿಡ್ತೀರೋ ನಿಮ್ಮಿಷ್ಟ. ಬಂದ್ರೆ ನಂಗೆ ಸಂತೋಷ, ಬರ್ಲಿಲ್ಲಾಂದ್ರೆ ದುಃಖ. ಆದ್ರೆ ನಾನು ಮಾತ್ರ ಹೋಗಲ್ಲ."

ಅವರು ನಾನು ತೊಳೆದಿಟ್ಟ ದೊಡ್ಡ ಪಾತ್ರೆಯನ್ನು ಎತ್ತಿ ಬಿಸಿಲಿಗೆ ಬೋರಲು ಹಾಕಿ, ಸಂಜೆಯ ಬಸ್ಸಿಗೆ ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನಿನಲ್ಲಿ ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ ಎಂಬಷ್ಟೇ ಮಾತು. ಕಾಳುಮೆಣಸಿನ ಸಾರು ಮಾಡಿ ಒಬ್ಬಳೇ ಉಣ್ಣುತ್ತಿದ್ದೆ. ಬೆಳಿಗ್ಗೆ ಎದ್ದು ಗಿಡಗಳ ನಡುವೆ ಹೋದರೆ ಮನಸ್ಸು ಹಗುರಾಗುತ್ತಿತ್ತು. ಹೋಗಿ ಕರೆದುಕೊಂಡು ಬರೋಣವೆಂದು ಎರಡು ಸಲ ಹೊರಟು, ಕರೆದರೆ ಮತ್ತೆ ಅದೇ ಕೊಡು ಕೊಳ್ಳುವ ಮಾತಾದೀತೆಂದು ಎರಡು ಸಲವೂ ಚೀಲ ಕೆಳಗಿಟ್ಟೆ. ವ್ರತದ ತಿಂಗಳು ಮುಗಿಯಿತು. ಅದರ ಮರುದಿನ ಒಂದು ಬೆಂಡೆಕಾಯಿ ಕಿತ್ತು, ಒರೆಸಿ, ಹಸಿಯಾಗಿಯೇ ಕಚ್ಚಿ ತಿಂದೆ. ಅಷ್ಟು ರುಚಿಯಾದುದನ್ನು ನಾನು ಬೇರೆ ತಿಂದಿಲ್ಲ.

ಅಂದು ಮಧ್ಯಾಹ್ನವೇ ಅವರ ಫೋನು ಬಂತು. ಕುಶಲವಿಲ್ಲ, ಪೀಠಿಕೆಯಿಲ್ಲ, ನೇರವಾಗಿ ತಕರಾರು. ಪೆರಂಬೂರಿನ ಮನೆಯಲ್ಲಿ ಇಂದಿಗೂ ಅವರು ದೇವರ ಪೂಜೆಗೆ ಹಿತ್ತಲ ಬಾವಿಯಿಂದ ಕೈಯಾರೆ ಸೇದಿದ ನೀರನ್ನೇ ಬಳಸುವುದು. ನಲ್ಲಿಯ ನೀರನ್ನು ಮಡಿಗೆ ಮುಟ್ಟಿದವರಲ್ಲ.

"ಅಲ್ವೇ, ಅಷ್ಟೆಲ್ಲ ರಿಪೇರಿ ಮಾಡ್ಸಿದ್ಯಲ್ಲ, ಬಾವಿಗೆ ಒಂದು ರಾಟೆ ಬೇಡ್ವಾ? ಮೋಟಾರ್ ನೀರಲ್ಲಿ ದಿನಾ ನಾನು ಪೂಜೆ ಮಾಡೋದ್ ಹೇಗೆ?"

ದಿನಾ ಎಂದರು. ನಾನು ಹ್ಞೂಂ ಎಂದೆ. ಹಗ್ಗ ಮಾತ್ರ ಊರಲ್ಲಿ ತೆಗೆದುಕೊಳ್ಳಬೇಡ, ಒಳ್ಳೆಯದನ್ನು ನಾನೇ ತರುತ್ತೇನೆ ಎಂದು ಫೋನಿಟ್ಟರು. ಸಂಜೆಯಾಗುವುದರೊಳಗೆ ಸೆಲ್ವಿಯೂ ನಾನೂ ಸೇರಿ, ಹೋದ ವರ್ಷ ನಾನೇ ಮುಂದೆ ನಿಂತು ಬಾವಿಯ ಬಾಯಿಗೆ ಬಿಗಿಸಿದ್ದ ಕಬ್ಬಿಣದ ಜಾಲರಿಯನ್ನು ಬಿಚ್ಚಿ ತೆಗೆದೆವು.